ಎರಡೂವರೆ ವರ್ಷದ ಮಗಳ ತೂಕ ತಾಯಿ ಕಾರ್ಡಿನ ಹಳದಿ ಪಟ್ಟಿಯಲ್ಲಿದೆ, ಟಾನಿಕ್ ಕೊಡಲೇ?

ಟಾನಿಕ್ ಬೇಡ. ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ: ತೂಕ 9.8 ಕೆ.ಜಿ., ದಿನಕ್ಕೆ ಮೂರು ಲೋಟ ರಾಗಿ ಗಂಜಿ, ಊಟಕ್ಕೆ ಕೂತರೆ ನಾಲ್ಕೇ ತುತ್ತು.

ಈ ವಯಸ್ಸಿನ ಹೆಣ್ಣುಮಗುವಿಗೆ 10 ಕೆ.ಜಿ.ಗಿಂತ ಕೆಳಗೆ ಹಳದಿ (ತೂಕ ಕಡಿಮೆ), 8.9ಕ್ಕಿಂತ ಕೆಳಗೆ ಕಿತ್ತಳೆ (ತೀರಾ ಕಡಿಮೆ). ಮೊದಲು ಇನ್ನೊಮ್ಮೆ ತೂಗಿಸಿ. ತಕ್ಕಡಿ ಸೊನ್ನೆಯಲ್ಲಿರಲಿ, ಸ್ವೆಟರು, ಕಾಲ್ಗೆಜ್ಜೆ ತೆಗೆದಿಡಿ. ಅವುಗಳ ಭಾರದಿಂದ ಹಳದಿ ಮಗು ಹಸಿರಾಗಿ ಕಾಣುವುದೂ ಉಂಟು.

ಇನ್ನು ಗಂಜಿ. ರಾಗಿಯಲ್ಲಿ ಸುಣ್ಣದಂಶ ಹೇರಳ, ತಪ್ಪು ರಾಗಿಯದಲ್ಲ, ನೀರಿನದು. ಒಂದು ಲೋಟ ತೆಳು ಗಂಜಿಗೆ ಬೀಳುವುದು 15 ಗ್ರಾಂ ಹಿಟ್ಟು, ಅಂದರೆ 50 ಕ್ಯಾಲೊರಿಯಷ್ಟೆ. ಮಗುವಿಗೆ ದಿನಕ್ಕೆ ಬೇಕಾದದ್ದು ಸುಮಾರು 1,000. ಹೊಟ್ಟೆ ಚಿಕ್ಕದು, ನೀರಲ್ಲೇ ತುಂಬಿಬಿಡುತ್ತದೆ. ಆಮೇಲೆ ಅನ್ನ ಮುಟ್ಟುವುದಿಲ್ಲ. ಗಟ್ಟಿ ಮಾಡಿದರೆ ನುಂಗಲಾರಳು. ಇದಕ್ಕೆ ಮೊಳಕೆ ಹಿಟ್ಟೇ ದಾರಿ, ಅದು ಗಟ್ಟಿ ಗಂಜಿಯನ್ನು ನೀರಿಲ್ಲದೆ ಸಡಿಲಿಸುತ್ತದೆ.

ರಾಗಿಯನ್ನು ರಾತ್ರಿಯಿಡೀ ನೆನೆಸಿ, ನೀರು ಪೂರ್ತಿ ಬಸಿದು, ಬಟ್ಟೆಯಲ್ಲಿ ಕಟ್ಟಿ ಒಂದೂವರೆ ದಿನ ಇಡಿ. ಬಟ್ಟೆ ತೊಟ್ಟಿಕ್ಕುವಂತಿದ್ದರೆ ಹುಳಿ ವಾಸನೆ, ಬೂಷ್ಟು ಬರುತ್ತದೆ. ಬೂಷ್ಟು ಕಂಡರೆ ಎಲ್ಲವನ್ನೂ ಚೆಲ್ಲಿ. ಬಿಸಿಲಿಗೆ ಒಣಗಿಸಿ, ಉಜ್ಜಿ ಮೊಳಕೆ ಉದುರಿಸಿ, ಹುರಿಯದೆ ಬೀಸಿ. ಘಮ ಬರಲಿ ಎಂದು ಹುರಿದರೆ ಪಿಷ್ಟ ಕರಗಿಸುವ ಕಿಣ್ವ ಸಾಯುತ್ತದೆ. ಹುರಿದ ಮಾಲ್ಟ್ ಪುಡಿ ಗಂಜಿಯನ್ನು ತೆಳುಮಾಡದಿರುವುದು ಇದಕ್ಕೇ.

ಒಂದು ಹೊತ್ತಿಗೆ 30 ಗ್ರಾಂ ಮಾಮೂಲಿ ರಾಗಿ ಹಿಟ್ಟು, 10 ಗ್ರಾಂ ಹುರಿದ ಹೆಸರುಬೇಳೆ ಪುಡಿ, ಮುಕ್ಕಾಲು ಲೋಟ ನೀರು. ಮುದ್ದೆಗಿಂತ ತುಸು ಸಡಿಲವಾಗುವಂತೆ ಬೇಯಿಸಿ ಇಳಿಸಿ. ಕುದಿ ಆರಿ, ಬಿಸಿ ಇನ್ನೂ ಇರುವಾಗಲೇ ಒಂದು ಚಮಚ ಮೊಳಕೆ ಹಿಟ್ಟು ಕದಡಿ. ಹತ್ತು ನಿಮಿಷದಲ್ಲಿ ನೀರು ಹಾಕದೆಯೇ ಸಡಿಲಾಗುತ್ತದೆ. ಕುದಿಯುವಾಗಲೇ ಹಾಕಿದರೆ ಕೆಲಸ ಮಾಡದು. ಹಸಿ ಹಿಟ್ಟಾದ್ದರಿಂದ ಮತ್ತೆ ಎರಡು ನಿಮಿಷ ಕುದಿಸಿ. ಕೊನೆಗೆ ಒಂದು ಚಮಚ ತುಪ್ಪ ಅಥವಾ ಕಡಲೆಕಾಯಿ ಎಣ್ಣೆ, ಚೂರು ಬೆಲ್ಲ. ಅದೇ ಲೋಟದಲ್ಲಿ 200 ಕ್ಯಾಲೊರಿ ದಾಟುತ್ತದೆ. ಅನ್ನ-ಸಾರಿಗೂ ಇದೇ ಲೆಕ್ಕ: ತಿಳಿಯಲ್ಲ, ತಳದ ಬೇಳೆ ಬಡಿಸಿ, ಮೇಲೊಂದು ಚಮಚ ಎಣ್ಣೆ. ದಿನಕ್ಕೆ ಮೂರು ಊಟ, ಮಧ್ಯೆ ಎರಡು ಸಲ ಮೊಟ್ಟೆ, ಬಾಳೆಹಣ್ಣು ಅಥವಾ ಕಡಲೆಕಾಯಿ ಪುಡಿ ಉಂಡೆ. ಇಡೀ ಕಡಲೆಕಾಯಿ ಬೀಜ ಬೇಡ, ಉಸಿರುನಾಳಕ್ಕೆ ಸಿಕ್ಕೀತು. ಅಂಗನವಾಡಿಯ ಪೊಟ್ಟಣ ಮನೆಮಂದಿಗೆಲ್ಲ ಹಂಚಿಹೋಗದಂತೆ ನೋಡಿಕೊಳ್ಳಿ.

ಊಟದ ಜೊತೆ ಟೀ ಕೊಡಬೇಡಿ, ಕಬ್ಬಿಣಾಂಶ ಹತ್ತುವುದಿಲ್ಲ. ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣದ ಸಿರಪ್ ವಾರಕ್ಕೆ ಎರಡು ಸಲ, ತಲಾ 1 ಮಿ.ಲೀ.; ಮಲ ಕಪ್ಪಾದರೆ ಗಾಬರಿ ಬೇಡ. ಆರು ತಿಂಗಳಿಗೊಮ್ಮೆ ಜಂತುಹುಳುವಿನ 400 ಮಿ.ಗ್ರಾಂ ಮಾತ್ರೆ, ಪುಡಿಮಾಡಿ ನೀರಲ್ಲಿ. ಭೇದಿಯಾದರೆ ಓಆರ್‌ಎಸ್ ಜೊತೆ ಜಿಂಕ್ 20 ಮಿ.ಗ್ರಾಂ, 14 ದಿನ. ಭೇದಿ ನಿಂತಿತೆಂದು ಮೂರನೇ ದಿನಕ್ಕೇ ಬಿಡುವವರೇ ಹೆಚ್ಚು.

ತಿಂಗಳಿಗೆ 200 ಗ್ರಾಂ ಆಸುಪಾಸು ಏರಬೇಕು. ಎರಡು ತಿಂಗಳು ಮುಳ್ಳು ಅಲ್ಲಾಡದಿದ್ದರೆ ವೈದ್ಯರಿಗೆ ತೋರಿಸಿ. ರಟ್ಟೆಯ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆ ಇದ್ದರೆ, ಎರಡೂ ಪಾದ ಊದಿ ಒತ್ತಿದಲ್ಲಿ ಗುಳಿ ಬಿದ್ದರೆ, ಅಷ್ಟೂ ಕಾಯಬೇಡಿ. ಅಂಥ ಮಕ್ಕಳನ್ನು ಪೌಷ್ಟಿಕ ಪುನಶ್ಚೇತನ ಕೇಂದ್ರದಲ್ಲಿ ಸಾಮಾನ್ಯವಾಗಿ 14 ದಿನ ತಾಯಿಯ ಜೊತೆ ಇಟ್ಟುಕೊಳ್ಳುತ್ತಾರೆ. ಕೂಲಿ ತಪ್ಪಿದ್ದಕ್ಕೆ ತಾಯಿಗೆ ಭತ್ಯೆಯೂ ಉಂಟು, ಸೇರಿಸುವಾಗಲೇ ಕೇಳಿ.