ಎದುರು ಮನೆಯ ಹುಡುಗಿ ಶಾಲೆಗೆ ಯಾಕೆ ಹೋಗುತ್ತಿಲ್ಲ?

ಓದುಗರ ಪ್ರಶ್ನೆ, ಟೀಚರ್ ಉತ್ತರ

ಕೊಪ್ಪಳ ಸೀಮೆಯ ಸರ್ಕಾರಿ ಶಾಲೆಗಳಲ್ಲಿ 31 ವರ್ಷ ಪಾಠ ಹೇಳಿ, ಆಮೇಲೆ 3 ವರ್ಷ ಮಕ್ಕಳ ಕಲ್ಯಾಣ ಸಮಿತಿಯಲ್ಲಿ ಕೂತವಳು ನಾನು. ಈ ಸಲದ ಮೂರೂ ಪತ್ರಗಳು ಒಂದೇ ಸಂಕಟದವು: ದುಡಿಸಲು ಮನೆ ಬಿಡಿಸಿ ಒಯ್ದಿರಬಹುದಾದ ಮಕ್ಕಳು. ಬರೆದವರ ಹೆಸರು ನಾನೇ ತೆಗೆದಿದ್ದೇನೆ.

ಪ್ರಶ್ನೆ: ಎದುರು ಫ್ಲ್ಯಾಟಿಗೆ ಐದು ತಿಂಗಳ ಹಿಂದೆ ಒಬ್ಬ ಹುಡುಗಿ ಬಂದಿದ್ದಾಳೆ. ಹನ್ನೆರಡು ವರ್ಷ ಇರಬಹುದು. "ಜಾರ್ಖಂಡ್ ಕಡೆಯವಳು, ಮಗಳ ಹಾಗೇ ಇಟ್ಟುಕೊಂಡಿದ್ದೇವೆ" ಅನ್ನುತ್ತಾರೆ. ಒಳ್ಳೆಯ ಬಟ್ಟೆ ಕೊಡಿಸಿದ್ದಾರೆ, ಹೊಡೆದದ್ದು ನಾನು ನೋಡಿಲ್ಲ. ಆದರೆ ಕೆಲಸಕ್ಕೆ ಹೋಗುವಾಗ ಅವಳನ್ನು ಒಳಗೆ ಬಿಟ್ಟು ಬೀಗ ಹಾಕುತ್ತಾರೆ. ಬರೀ ಅನುಮಾನದ ಮೇಲೆ ದೂರು ಕೊಟ್ಟು ನೆರೆಯವರ ಮರ್ಯಾದೆ ಕಳೆದರೆ?
— ಗೃಹಿಣಿ, ಬೆಂಗಳೂರು

ಬೀಗ ಅಂದಿರಲ್ಲ ತಾಯಿ, ಅಲ್ಲಿಗೆ ಅರ್ಧ ಉತ್ತರ ನೀವೇ ಬರೆದ ಹಾಗಾಯಿತು. ಹರಿದ ಲಂಗ, ಮೈಮೇಲೆ ಬಾಸುಂಡೆ ಕಾಣಲಿ ಅಂತ ಕಾಯುವವರೇ ಹೆಚ್ಚು. ನಮ್ಮ ಸಮಿತಿಯ ಮುಂದೆ ಬಂದ ಎಷ್ಟೋ ಹುಡುಗಿಯರು ಒಳ್ಳೇ ಫ್ರಾಕಿನಲ್ಲೇ ಬಂದಿದ್ದರು; ಮನೆಯ ಮಗಳಿಗೆ ಗಿಡ್ಡವಾದ ಫ್ರಾಕು. ಹಾಗಾಗಿ ಬಟ್ಟೆ ನೋಡುವುದನ್ನು ನಾನು ಬೇಗ ಬಿಟ್ಟೆ. ಹೇಳುವ ಕಥೆ ಒಂದಕ್ಕೊಂದು ಕೂಡುತ್ತದೋ ಇಲ್ಲವೋ ನೋಡತೊಡಗಿದೆ. ಮಗಳ ಹಾಗೆ ಅಂದರೆ ಯಾವ ಶಾಲೆ? ಲಿಫ್ಟಿನಲ್ಲಿ ಹೆಸರು ಕೇಳಿದರೆ ಉತ್ತರ ಕೊಡುವವಳು ಅವಳೋ, ಪಕ್ಕದಲ್ಲಿ ನಿಂತ ಹೆಂಗಸೋ? ಅಮ್ಮನ ಹತ್ತಿರ ಫೋನಿನಲ್ಲಿ ಮಾತಾಡಿ ಎಷ್ಟು ದಿನವಾಯಿತು? ಕರೆತಂದವನು 'ಮಾವ'ನಾದರೆ ಆ ಮಾವನ ಹೆಸರೇನು?

14 ವರ್ಷದೊಳಗಿನ ಮಕ್ಕಳನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳುವುದು 2006ರ ಅಕ್ಟೋಬರಿನಿಂದಲೇ ನಿಷಿದ್ಧ. ಹದಿನೈದು, ಹದಿನಾರು ಅಂದರೂ ಕೂಡಿಹಾಕಿ ದುಡಿಸುವಂತಿಲ್ಲ, ಸಂಬಳ ಹಿಡಿದಿಟ್ಟುಕೊಳ್ಳುವಂತಿಲ್ಲ. ಬಾಲನ್ಯಾಯ ಕಾಯ್ದೆಯಲ್ಲಿ 18 ತುಂಬುವವರೆಗೂ ಅವಳು ಮಗುವೇ. ದತ್ತು ತಗೊಂಡಿದ್ದೇವೆ ಅಂದರೆ ಅದಕ್ಕೆ ಕಾಗದಪತ್ರ ಇರಬೇಕು. ಅದನ್ನು ಕೇಳುವುದು ಅಧಿಕಾರಿಗಳ ಕೆಲಸ, ನಿಮ್ಮದಲ್ಲ.

ಒಂದು ತಪ್ಪು ಹೇಳಿಕೊಳ್ಳುತ್ತೇನೆ. ನಾನಿನ್ನೂ ಟೀಚರಾಗಿದ್ದಾಗ ನಮ್ಮ ಓಣಿಯ ದೊಡ್ಡ ಮನೆಯೊಂದರಲ್ಲಿ ಇಂಥದೇ ಹುಡುಗಿ ಇದ್ದಳು. ಪರಿಚಯದವರು, ಒಂದು ಮಾತು ಕಿವಿಗೆ ಹಾಕೋಣ ಅಂತ ಹೋಗಿ, ಚಹಾ ಕುಡಿದು, "ಹಿಂಗ ಇಟ್ಕೊಳ್ಳೋದು ತಪ್ಪಾಗ್ತದ್ರೀ ಅಕ್ಕಾರ" ಅಂದು ಬಂದೆ. ಮರುದಿನ ಹುಡುಗಿ ಇರಲಿಲ್ಲ. "ಊರಿಗೆ ಕಳಿಸಿದ್ವಿ" ಅಂದರು. ಯಾವ ಊರು ಅಂತ ಇವತ್ತಿಗೂ ನನಗೆ ಗೊತ್ತಿಲ್ಲ. ಆ ದಿನ ಚಹಾ ತಂದುಕೊಟ್ಟವಳೂ ಅವಳೇ.

ಆದ್ದರಿಂದ ಎದುರು ಮನೆಯವರನ್ನು ಕೇಳಲು ಹೋಗಬೇಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಹಗಲಾದರೂ ರಾತ್ರಿಯಾದರೂ ಎತ್ತುತ್ತಾರೆ, ದುಡ್ಡಿಲ್ಲ, ನಿಮ್ಮ ಹೆಸರು ಹೇಳಲೇಬೇಕೆಂದಿಲ್ಲ. ಕಟ್ಟಡ, ಮಹಡಿ, ಫ್ಲ್ಯಾಟ್ ನಂಬರ್, ಹುಡುಗಿ ಆಡುವ ಭಾಷೆ, ಬೀಗ ಬೀಳುವ ಹೊತ್ತು ಹೇಳಿದರೆ ಬಂದವರು ಬಾಗಿಲಲ್ಲಿ ತಡಕಾಡಬೇಕಾಗಿಲ್ಲ. ಒಳಗಿನಿಂದ ಕೂಗು, ಅಳು ಕೇಳಿಸಿದರೆ ತಡಮಾಡದೆ ತುರ್ತು ನಂಬರ್ 112. ಮಗುವನ್ನು ಹೊರತಂದ 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ತರಬೇಕು. ವಿಚಾರಿಸಿ ತೀರ್ಮಾನಿಸುವುದು ಅಲ್ಲಿ. ನಿಮ್ಮ ಅನುಮಾನ ಸುಳ್ಳಾದರೆ ನೆರೆಯವರಿಗೆ ಒಂದು ದಿನದ ಕಿರಿಕಿರಿ, ಅಷ್ಟೇ.

ಅವಳ ಫೋಟೋ ತೆಗೆದು ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿಗೆ ಹಾಕಿದಿರೋ, ತೊಂದರೆಗೆ ಸಿಕ್ಕುವವರು ನೀವು. ಇಂಥ ಮಗುವಿನ ಗುರುತು ಬಯಲು ಮಾಡುವುದು ಶಿಕ್ಷೆಯಾಗುವ ಅಪರಾಧ. ಅದಿರಲಿ, ಆ ಗ್ರೂಪಿನಲ್ಲಿ ಎದುರು ಮನೆಯವರೂ ಇರುತ್ತಾರಲ್ಲವೇ!

ಪ್ರಶ್ನೆ: ರೈಲಿನಲ್ಲಿ ಒಬ್ಬನ ಜೊತೆ ಏಳು ಹುಡುಗರನ್ನು ಕಂಡೆ. ಎಲ್ಲರ ಟಿಕೆಟೂ ಅವನ ಕೈಯಲ್ಲೇ. ಎಲ್ಲಿಗೆ ಅಂದರೆ ಹುಡುಗರು ಅವನ ಮುಖ ನೋಡಿದರು. ಸುಮ್ಮನೆ ಇಳಿದುಬಂದೆ. ಏನು ಮಾಡಬೇಕಿತ್ತು?
— ನಿವೃತ್ತ ಗುಮಾಸ್ತರು, ಗುಂತಕಲ್

ರೈಲ್ವೆ ಸಹಾಯವಾಣಿ 139ಕ್ಕೆ ಹೇಳಬೇಕಿತ್ತು. ರೈಲಿನ ನಂಬರ್, ಬೋಗಿ, ಮುಂದಿನ ನಿಲ್ದಾಣ, ಇಷ್ಟು ಸಾಕು. ಫೋನ್ ಮಾಡುವಾಗ ಎದ್ದು ಬೇರೆ ಬೋಗಿಗೆ ಹೋಗಿ. ಏಳು ಮಕ್ಕಳು ಟೂರ್ ಹೊರಟವರೂ ಆಗಿರಬಹುದು. ಹಾಗಿದ್ದರೆ ಇಷ್ಟು ಹೊತ್ತಿಗೆ ಬೋಗಿಯನ್ನೇ ತಲೆಕೆಳಗು ಮಾಡಿರುತ್ತಿದ್ದರು.

ಪ್ರಶ್ನೆ: ನನ್ನ ಆರನೇ ತರಗತಿಯ ಹುಡುಗಿ ಒಂದು ತಿಂಗಳಿಂದ ಬಂದಿಲ್ಲ. ಅಪ್ಪ 15,000 ಮುಂಗಡ ಇಸಕೊಂಡು ಹತ್ತಿ ಕ್ರಾಸಿಂಗಿಗೆ ಬೇರೆ ತಾಲ್ಲೂಕಿಗೆ ಕಳಿಸಿದ್ದಾನೆ. ತೀರಾ ಬಡವ. ದೂರು ಕೊಟ್ಟರೆ ಅವನೇ ಜೈಲಿಗೆ ಹೋದರೆ?
— ಶಿಕ್ಷಕ, ಕುಷ್ಟಗಿ ತಾಲ್ಲೂಕು

ಮಾಸ್ತರರೇ, ಈ ಪತ್ರ ಓದಿ ನನ್ನ ಹಳೇ ಹಾಜರಿ ಪುಸ್ತಕ ಕಣ್ಣಮುಂದೆ ಬಂತು. ಆಗಸ್ಟ್ ಬಂತೆಂದರೆ ಹುಡುಗಿಯರ ಸಾಲಿನಲ್ಲಿ ಬರೀ ಗೈರು. ಪಟ್ಟಣದ ಓದುಗರಿಗಾಗಿ ಒಂದು ಮಾತು: ಹೈಬ್ರಿಡ್ ಹತ್ತಿ ಬೀಜ ತಾನಾಗಿ ಹುಟ್ಟುವುದಿಲ್ಲ. ಸಂಜೆ ಹೆಣ್ಣು ಗಿಡದ ಮೊಗ್ಗು ಬಿಡಿಸಿ ಒಳಗಿನ ಕೇಸರ ಕೀಳಬೇಕು, ಮರುದಿನ ಮುಂಜಾನೆ ಗಂಡು ಹೂ ತಂದು ಮುಟ್ಟಿಸಬೇಕು, ಒಂದೊಂದು ಹೂವಿಗೂ ಕೈಯಿಂದಲೇ. ಕ್ರಾಸಿಂಗ್ ಅಂದರೆ ಇದೇ. ಧಾರವಾಡದ ವರಲಕ್ಷ್ಮಿ ತಳಿ 1972ರಲ್ಲಿ ಬಂದು ಹೆಸರು ಮಾಡಿದ್ದನ್ನು ನಾವೇ ಮಕ್ಕಳಿಗೆ ಪಾಠ ಮಾಡಿದೆವು. ಹೂ ಮುಟ್ಟಿಸುವ ಬೆರಳು ಯಾರದು ಅಂತ ಹೇಳಲಿಲ್ಲ. ಸಂಜೆಯೂ ಬೇಕು, ಮುಂಜಾನೆಯೂ ಬೇಕು. ಅದಕ್ಕೇ ದೂರದ ಮಕ್ಕಳನ್ನು ಹೊಲದಲ್ಲೇ ಇಟ್ಟುಕೊಳ್ಳುತ್ತಾರೆ. ಕೀಟನಾಶಕದ ಎಣ್ಣೆ ಹೊಡೆದ ಗಿಡಗಳ ನಡುವೆ.

ಅಪ್ಪನ ಬಗ್ಗೆ ಅಂಜಬೇಡಿ. 2016ರ ತಿದ್ದುಪಡಿಯಾದ ಮೇಲೆ ಬಾಲಕಾರ್ಮಿಕ ಕಾಯ್ದೆಯಲ್ಲಿ ಮೊದಲ ಸಲ ತಪ್ಪಿದ ತಂದೆತಾಯಿಗೆ ಶಿಕ್ಷೆ ಇಲ್ಲ. ದುಡಿಸಿಕೊಂಡವನಿಗೆ 6 ತಿಂಗಳಿಂದ 2 ವರ್ಷದವರೆಗೆ ಜೈಲು, 20,000ದಿಂದ 50,000ದವರೆಗೆ ದಂಡ, ಇಲ್ಲವೇ ಎರಡೂ. ಇನ್ನು ಆ 15,000: ಮುಂಗಡಕ್ಕೆ ಬದಲಾಗಿ ಮಗುವನ್ನು ಹಿಡಿದಿಟ್ಟುಕೊಂಡರೆ ಅದು ಜೀತ. 1976ರ ಕಾಯ್ದೆಯ ಪ್ರಕಾರ ಜೀತದ ಸಾಲ ಅಲ್ಲಿಗೇ ಮುಗಿಯಿತು, ತೀರಿಸಬೇಕಾಗಿಲ್ಲ. ಅಪ್ಪನಿಗೆ ಇದನ್ನು ಮೊದಲು ಹೇಳಿ. ಎಷ್ಟೋ ಅಪ್ಪಂದಿರು ಮಗಳನ್ನು ಕರೆತರದೆ ಇರುವುದು ಮುಂಗಡ ತಿರುಗಿ ಕೇಳಿಯಾರು ಅನ್ನುವ ಅಂಜಿಕೆಗೆ. ಆದರೆ ಹೊಲ ಯಾವ ಊರಲ್ಲಿದೆ ಅಂತ ತಿಳಿದುಕೊಂಡ ದಿನವೇ 1098ಕ್ಕೂ ತಹಶೀಲ್ದಾರರಿಗೂ ತಿಳಿಸಿ, ನಾಳೆ ಅನ್ನಬೇಡಿ.

ಒಂದು ಕೆಲಸ ಮಾತ್ರ ಮಾಡಬೇಡಿ: ಬಹಳ ದಿನ ಬಂದಿಲ್ಲವೆಂದು ಹುಡುಗಿಯ ಹೆಸರು ಹೊಡೆದುಹಾಕಬೇಡಿ. "ಹದಿನೆಂಟಾಗ್ಯದ" ಅಂತ ಹೊಲದವನು ವಾದ ಮಾಡಿದಾಗ ಸಮಿತಿ ವಯಸ್ಸಿಗೆ ಮೊದಲು ಕೇಳುವುದು ಶಾಲೆಯ ದಾಖಲೆಯನ್ನೇ. ದಾಖಲಾತಿ ಪುಸ್ತಕದ ಆ ಪುಟದ ಜೆರಾಕ್ಸ್ ಇವತ್ತೇ ತೆಗೆದಿಟ್ಟುಕೊಳ್ಳಿ.