ಸ್ಪ್ಯಾನಿಷ್ ಬಿಎ ಅಂದರೆ ಬರೀ ಮಾತಾಡೋದು ಕಲಿಯೋದಾ?

ಪಿಯುಸಿ ಆದ ಮೇಲೆ ಸ್ಪ್ಯಾನಿಷ್ ಬಿಎಗೆ ಸೇರಿದರೆ ಬರೀ ಮಾತಾಡೋದು ಕಲಿಸುತ್ತಾರಾ, ಸಾಹಿತ್ಯವೂ ಇರುತ್ತಾ ಅಂತ ಕೇಳಿದ್ದೀರಿ. ಇರುತ್ತದೆ, ಜಾಸ್ತಿನೇ ಇರುತ್ತದೆ. ನಾನು ದೆಹಲಿಯಲ್ಲಿ ಓದಿದವಳು. ಸೇರಿದಾಗ ಒಂದಕ್ಷರ ಬರುತ್ತಿರಲಿಲ್ಲ. ಅದಕ್ಕೆ ಹೆದರಬೇಡಿ, ದೆಹಲಿಯ ಜೆಎನ್‌ಯು ವಿಶ್ವವಿದ್ಯಾಲಯದಲ್ಲೂ ಹೈದರಾಬಾದಿನ ಭಾಷಾ ವಿಶ್ವವಿದ್ಯಾಲಯ ಇಫ್ಲುನಲ್ಲೂ ಸೊನ್ನೆಯಿಂದಲೇ ಶುರು ಮಾಡುತ್ತಾರೆ.

ಮೊದಲ ವರ್ಷ ಪೂರ್ತಿ ವ್ಯಾಕರಣ. ನನ್ನ ತಪ್ಪು ಏನಂದರೆ ಎಲ್ಲವನ್ನೂ ಇಂಗ್ಲಿಷಿನಿಂದ ತಿರುಗಿಸುತ್ತಿದ್ದೆ. ‘ಐ ಲೈಕ್ ಕಾಫಿ’ ಅನ್ನೋದನ್ನ ‘ಯೊ ಗುಸ್ತೊ ಕಫೆ’ ಅಂತ ಬರೆದು ಕೆಂಪು ಗೀಟು ಹಾಕಿಸಿಕೊಂಡೆ. ಸರಿಯಾದದ್ದು ‘ಮೆ ಗುಸ್ತ ಎಲ್ ಕಫೆ’. ನಮ್ಮ ‘ನನಗೆ ಕಾಫಿ ಇಷ್ಟ’ದ ಥರಾನೇ, ಅಲ್ವಾ? ‘ತೂ’ ಅಂದರೆ ನೀನು, ‘ಉಸ್ತೆದ್’ ಅಂದರೆ ನೀವು. ‘ಬರ್ತೀನಿ’ ಅಂದರೆ ಸಾಕು, ‘ನಾನು’ ಬೇಕಿಲ್ಲ, ಅಲ್ಲೂ ಹಾಗೇ. ಕೈ ಕೊಡೋದು ಲಿಂಗ. ಮೇಜು ಹೆಣ್ಣು, ಪುಸ್ತಕ ಗಂಡು. ಯಾಕೆ ಅಂತ ಕೇಳದೆ ಸುಮ್ನೆ ಬಾಯಿಪಾಠ ಮಾಡಿ.

ಆಮೇಲೆ ಶುರುವಾಗುತ್ತದೆ ಸಾಹಿತ್ಯ. ನಾವು ಮೊದಲು ಓದಿದ್ದು 1554ರ ‘ಲಾಸರಿಯೊ ದೆ ತೊರ್ಮೆಸ್’ ಅನ್ನೋ ಪುಟ್ಟ ಕಾದಂಬರಿ, ಬರೆದವರು ಯಾರು ಅಂತ ಇವತ್ತಿಗೂ ಗೊತ್ತಿಲ್ಲ. ಒಬ್ಬ ಕುರುಡ, ಅವನ ಹತ್ತಿರ ಚಾಕರಿಗಿರುವ ಹುಡುಗ. ಒಂದು ಗೊಂಚಲು ದ್ರಾಕ್ಷಿ ಸಿಗುತ್ತದೆ, ಒಂದೊಂದೇ ತಿನ್ನೋಣ ಅಂತ ಮಾತಾಗುತ್ತದೆ. ಸ್ವಲ್ಪ ಹೊತ್ತಿಗೆ ಕುರುಡ ಎರಡೆರಡು ಬಾಯಿಗೆ ಹಾಕುತ್ತಾನೆ, ಹುಡುಗ ಮೂರು ಮೂರು. ಮುಗಿದ ಮೇಲೆ ಕುರುಡ ಹೇಳುತ್ತಾನೆ, ನೀನು ಮೂರು ಮೂರು ತಿಂದೆ, ಯಾಕಂದರೆ ನಾನು ಎರಡು ತಿನ್ನುವಾಗ ನೀನು ಸುಮ್ಮನಿದ್ದೆ ಅಂತ. ಇದನ್ನು ಡಿಕ್ಷನರಿ ಹಿಡಿದುಕೊಂಡು, ಒಂದು ಪುಟಕ್ಕೆ ಒಂದು ಸಂಜೆ ಅಂತ ಓದಿ, ಆ ಸಾಲು ಅರ್ಥವಾದಾಗ ಹಾಸ್ಟೆಲ್ ರೂಮಿನಲ್ಲಿ ಒಬ್ಬಳೇ ಜೋರಾಗಿ ನಕ್ಕಿದ್ದೆ.

ಇತಿಹಾಸವನ್ನೂ ಬಿಡೋ ಹಾಗಿಲ್ಲ. ಸ್ಪೇನಿನ ಕವಿ ಲೋರ್ಕಾನ ಕವಿತೆ ಓದುವಾಗ ಅಲ್ಲಿ 1936ರಲ್ಲಿ ಶುರುವಾದ ಅಂತರ್ಯುದ್ಧ ಗೊತ್ತಿರಬೇಕು, ಶುರುವಾಗಿ ಸುಮಾರು ಒಂದು ತಿಂಗಳಿಗೇ ಅವನನ್ನು ಗುಂಡಿಕ್ಕಿ ಕೊಂದರು. ಅಷ್ಟರಲ್ಲಿ ಲ್ಯಾಟಿನ್ ಅಮೆರಿಕ ಬರುತ್ತದೆ, ಭಾಷೆಯೇ ಬೇರೆ ಅನಿಸುತ್ತದೆ. ಸ್ಪೇನಿನಲ್ಲಿ ಬಸ್ ಹಿಡಿಯೋದಕ್ಕೆ ‘ಕೊಹೆರ್’ ಅಂತಾರೆ, ಅರ್ಜೆಂಟೀನಾದವರ ಮುಂದೆ ಹಾಗಂದು ನೋಡಿ, ಮುಸಿಮುಸಿ ನಗುತ್ತಾರೆ. ಅಲ್ಲಿ ಅದು ಪೋಲಿ ಮಾತು.

ಈ ವಿಶ್ವವಿದ್ಯಾಲಯಗಳಿಗೆ ಸೇರೋದಾದರೆ ಸಿಯುಇಟಿ ಅನ್ನೋ ಪ್ರವೇಶ ಪರೀಕ್ಷೆ ಬರೆಯಬೇಕು. ಕಾದಂಬರಿ ಅಂದರೆ ಬೇಜಾರು, ಬೆಂಗಳೂರಿನ ಕಂಪನಿಯಲ್ಲಿ ಕೆಲಸ ಸಿಕ್ಕರೆ ಸಾಕು ಅನ್ನೋದಾದರೆ ಬಿಎ ಬೇಡ. ಬೇರೆ ಡಿಗ್ರಿ ಮಾಡುತ್ತಾ ಪಕ್ಕದಲ್ಲಿ ಸ್ಪ್ಯಾನಿಷ್ ಕಲಿತು, ಸ್ಪ್ಯಾನಿಷ್ ಎಷ್ಟು ಬರುತ್ತದೆ ಅಂತ ಅಳೆಯುವ ‘ಡೆಲೆ’ ಪರೀಕ್ಷೆಯಲ್ಲಿ ಬಿ2 ಮಟ್ಟ ಪಾಸು ಮಾಡಿಕೊಳ್ಳಿ.