ಪ್ರತಿಕ್ರಿಯೆ: ಬಾಲ್ಕನಿಗೆ ದುಡ್ಡು ಕಟ್ಟಿ ಕಿಟಕಿಯಿಲ್ಲದ ರೂಮು ಸಿಕ್ಕಿದ್ದಕ್ಕೆ
ಕ್ರೂಸ್‌ನಲ್ಲಿ (ಪ್ರವಾಸಿ ಹಡಗಿನಲ್ಲಿ) ಬಾಲ್ಕನಿ ಇರುವ ರೂಮಿಗೆ ದುಡ್ಡು ಕಟ್ಟಿದರೂ ಕಿಟಕಿಯೇ ಇಲ್ಲದ ರೂಮು ಕೊಟ್ಟರು ಅಂತ ಬರೆದಿದ್ದೀರಿ. ಏಜೆಂಟ್ ಮೂಲಕ ಬುಕ್ ಮಾಡಿದ್ದೇ ತೊಡಕಾಗಿರಬೇಕು. ಮುಂಬೈ-ಗೋವಾ ಕ್ರೂಸ್‌ನಲ್ಲಿ ನನಗೂ ಹೀಗೇ ಆಗಿತ್ತು. ಹಡಗಿನವರು ಏಜೆಂಟನ್ನು ತೋರಿಸುತ್ತಾರೆ, ಏಜೆಂಟ್ ಹಡಗಿನವರನ್ನು. ಕೌಂಟರಿನಲ್ಲಂತೂ 'ಮೇಲ್ ಮಾಡಿ ಸರ್' ಬಿಟ್ಟರೆ ಬೇರೆ ಮಾತಿಲ್ಲ.

ಮೊದಲು ಇಬ್ಬರಿಗೂ ಸೇರಿಸಿ ಒಂದೇ ಮೇಲ್ ಹಾಕಿ. ಬುಕಿಂಗ್ ವೋಚರ್, ಕೊಟ್ಟ ರೂಮಿನ ಫೋಟೋ ಜೊತೆಗಿರಲಿ. ಬಫೆಯಲ್ಲಿ ಇಡ್ಲಿ ಕಲ್ಲಾಗಿತ್ತು ಅನ್ನುವುದೆಲ್ಲ ಬೇಡ, ಸುಮ್ನೆ ವಿಷಯ ತಪ್ಪುತ್ತದೆ. ಎರಡು ರೂಮುಗಳ ದರದ ವ್ಯತ್ಯಾಸವನ್ನು ಅಂಕಿಯಲ್ಲೇ ಕೇಳಿ. ಪೂರ್ತಿ ದುಡ್ಡು ವಾಪಸ್ ಬರುವುದು ಅನುಮಾನ.

15 ದಿನದಲ್ಲಿ ಉತ್ತರ ಬರದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಕನ್ನಡದಲ್ಲೂ ಮಾತಾಡಬಹುದು. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ನೀವಿರುವುದು ಪುಣೆಯಲ್ಲಿ ಅಲ್ವಾ? ದೂರು ಅಲ್ಲೇ ಕೊಡಬಹುದು, ಮುಂಬೈಗೆ ಓಡಬೇಕಿಲ್ಲ. ಕಟ್ಟಿದ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಹೀಗಾದ ದಿನದಿಂದ 2 ವರ್ಷದೊಳಗೆ ದೂರು ಹಾಕಿ.